ನೆರಳು ಹಿಡಿಯಲು ಬಂದ ಪಾದ್ರಿ

ಈ ಕಥೆಯನ್ನು ಒಂದು ಕ್ರೂರ ಫೋಟೊದಿಂದಲೇ ಶುರು ಮಾಡಬೇಕು. 1886ರಲ್ಲಿ ತೆಗೆದದ್ದು. ಬಟಾಬಯಲಾದ ಹುಲ್ಲುಗಾವಲು. ಸಮವಸ್ತ್ರ ತೊಟ್ಟ ಗಂಡಸರು ಬಂದೂಕು ಎತ್ತಿ ದೂರಕ್ಕೆ ಗುರಿಯಿಟ್ಟಿದ್ದಾರೆ. ಅವರ ಪಕ್ಕದಲ್ಲೇ ಬೆತ್ತಲೆ ಮನುಷ್ಯನೊಬ್ಬ ನೆಲಕ್ಕೆ ಬಿದ್ದಿದ್ದಾನೆ. ಜೀವವಿಲ್ಲ. ಬಿಲ್ಲು ಮಾತ್ರ ಇನ್ನೂ ಅವನ ಬಳಿಯೇ ಇದೆ.

ಬಂದೂಕಿನವರ ನಾಯಕ ಜೂಲಿಯಸ್ ಪಾಪರ್. ಬುಖಾರೆಸ್ಟಿನಲ್ಲಿ ಹುಟ್ಟಿದ ಎಂಜಿನಿಯರ್, ಚಿನ್ನ ಹುಡುಕುತ್ತ ದಕ್ಷಿಣ ಅಮೆರಿಕದ ತುತ್ತತುದಿಗೆ ಹೋದವನು. ಆ ಯಾತ್ರೆಯ ಚಿತ್ರಗಳನ್ನು ಆಲ್ಬಮ್ ಮಾಡಿಸಿ ಅರ್ಜೆಂಟೀನಾದ ಅಧ್ಯಕ್ಷ ಹುವಾರೆಸ್ ಸೆಲ್ಮನ್‌ಗೆ ಕಾಣಿಕೆ ಕೊಟ್ಟ. ಕೊಂದದ್ದನ್ನು ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಬೇಟೆಯಾಡಿದವರು ಹುಲಿಯ ಹೆಣದ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದ ಕಾಲ ಅದು. ಇಲ್ಲಿ ಹುಲಿಯ ಜಾಗದಲ್ಲಿ ಮನುಷ್ಯನಿದ್ದ.

ಅದೇ ದ್ವೀಪದಲ್ಲಿ 37 ವರ್ಷಗಳ ನಂತರ ಇನ್ನೊಂದು ಕ್ಯಾಮೆರಾ ನಿಂತಿತು. 1923ರ ಚಳಿಗಾಲ, ಸುತ್ತ ಹಿಮ. ಪಾಪರ್‌ನ ಚಿತ್ರದಲ್ಲಿ ಸತ್ತು ಬಿದ್ದವನ ಕುಲದವರೇ ಮೈತುಂಬ ಬಣ್ಣ ಬಳಿದುಕೊಂಡು, ಮುಖಕ್ಕೆ ಮುಖವಾಡ ಏರಿಸಿ, ನೆಟ್ಟಗೆ ಎದೆ ಸೆಟೆದು ನಿಂತಿದ್ದಾರೆ. ಕ್ಯಾಮೆರಾದ ಹಿಂದಿದ್ದವರು ಜರ್ಮನ್ ಪಾದ್ರಿ ಮಾರ್ಟಿನ್ ಗುಸಿಂಡೆ. ಅವರಿಗೆ ಆ ಜನ ಒಂದು ಹೆಸರಿಟ್ಟಿದ್ದರು: ನೆರಳು ಹಿಡಿಯುವವನು.

ಈ ಎರಡು ಫೋಟೊಗಳ ನಡುವೆ ಒಂದು ಜನಾಂಗದ ಬಹುಪಾಲು ಇಲ್ಲವಾಗಿತ್ತು. ಆ ಲೆಕ್ಕ ಹೇಳದೆ ಗೆಳೆತನದ ಮಾತು ಆಡಿದರೆ ಅದು ಅಪಚಾರವಾಗುತ್ತದೆ.

ಟಿಯೆರಾ ಡೆಲ್ ಫ್ಯೂಗೊ ಎಂದರೆ ಬೆಂಕಿಯ ನಾಡು. 1520ರಲ್ಲಿ ಮೆಗೆಲ್ಲನ್‌ನ ಹಡಗುಗಳು ಜಲಸಂಧಿ ದಾಟುವಾಗ ದಡದಲ್ಲಿ ಕಂಡ ಬೆಂಕಿಗಳಿಂದ ಬಂದ ಹೆಸರು. ಒಂದು ದೊಡ್ಡ ದ್ವೀಪ, ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಚೂರುಚೂರಾಗಿ ಚೆಲ್ಲಿದ ನೂರಾರು ಕಿರುದ್ವೀಪಗಳು. ದೊಡ್ಡ ದ್ವೀಪದ ಬಯಲು, ಕಾಡುಗಳಲ್ಲಿ ಸೆಲ್ಕ್‌ನಾಮರು ಕಾಲ್ನಡಿಗೆಯ ಬೇಟೆಗಾರರು. ಡುಬ್ಬವಿಲ್ಲದ ಒಂಟೆಯಂಥ ಗ್ವಾನಾಕೊ ಪ್ರಾಣಿಯೇ ಅವರಿಗೆ ಊಟ, ಬಟ್ಟೆ, ಮನೆ. ಅದರ ತೊಗಲನ್ನು ತುಪ್ಪಳ ಹೊರಗೆ ಬರುವಂತೆ ಹೊದೆಯುತ್ತಿದ್ದರು. ಪೂರ್ವದ ಮೂಲೆಯಲ್ಲಿ ಅವರ ನೆಂಟರಂಥ ಹೌಷ್ ಜನ. ದಕ್ಷಿಣದ ಬೀಗಲ್ ಕಾಲುವೆಯ ಆಚೀಚೆ ಯಾಮನರು. ಅವರದು ದೋಣಿಯ ಬದುಕು, ದೋಣಿಯ ನಡುವೆಯೇ ಆರದ ಒಲೆ. ಹುಟ್ಟು ಹಾಕುತ್ತಿದ್ದವರು ಹೆಂಗಸರು. ಪಶ್ಚಿಮದ ಮಳೆಯ ಕಾಲುವೆಗಳಲ್ಲಿ ಕವೆಸ್ಕರರು, ಅವರೂ ದೋಣಿಯವರೇ.

1832ರಲ್ಲಿ ಬೀಗಲ್ ಹಡಗಿನಲ್ಲಿ ಬಂದ ಡಾರ್ವಿನ್ ಯಾಮನರನ್ನು ಮನುಷ್ಯರಲ್ಲೇ ಕಡೆಯವರೆಂದು ಬಗೆದ, ಅವರ ಮಾತು ಮಾತೇ ಅಲ್ಲ ಎಂಬಂತೆ ಬರೆದ. ಅದೇ ಭಾಷೆಯ ಸುಮಾರು 32,000 ಪದಗಳನ್ನು ಥಾಮಸ್ ಬ್ರಿಜಸ್ ಎಂಬ ಮಿಷನರಿ ಜೀವಮಾನವಿಡೀ ಕೂತು ಕೂಡಿಹಾಕಿದರು. ಮಹಾ ವಿಜ್ಞಾನಿಯ ಕಿವಿಗೆ ಗೊಗ್ಗರವಾಗಿ ಕೇಳಿಸಿದ್ದು ಇಷ್ಟು ಸಿರಿವಂತ ನುಡಿ! ಈ ನಿಘಂಟಿಗೆ ಮುಂದೆ ಬರುತ್ತೇನೆ.

1881ರ ಒಪ್ಪಂದದಲ್ಲಿ ಚಿಲಿ, ಅರ್ಜೆಂಟೀನಾ ಎರಡೂ ದೊಡ್ಡ ದ್ವೀಪದ ಮೇಲೆ ನೇರ ಗೆರೆ ಎಳೆದು ಹಂಚಿಕೊಂಡವು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಮೊದಲು ಚಿನ್ನದವರು ಬಂದರು, ಹಿಂದೆಯೇ ಕುರಿಯವರು. ಸೆಲ್ಕ್‌ನಾಮರು ಓಡಾಡುತ್ತಿದ್ದ ಬಯಲಿಗೆಲ್ಲ ತಂತಿಬೇಲಿ ಬಿತ್ತು. ಗ್ವಾನಾಕೊ ಕಡಿಮೆಯಾಗಿ ಹಸಿದವರು ಕುರಿ ಹೊಡೆದು ತಿಂದರು. ಕುರಿಗೆ ಅವರಿಟ್ಟ ಹೆಸರು ‘ಬಿಳಿ ಗ್ವಾನಾಕೊ’. ತಮ್ಮ ನೆಲದ ಮೇಲೆ ಮೇಯುವ ಪ್ರಾಣಿ ಬೇರೆಯವರ ಸ್ವತ್ತು ಎಂಬುದು ಅವರ ಲೋಕದಲ್ಲಿ ಇಲ್ಲದ ಮಾತು. ಎಸ್ಟೇಟಿನವರು ಕೂಲಿಗೆ ಕೊಲೆಗಾರರನ್ನು ಇಟ್ಟರು. ಕೊಂದದ್ದಕ್ಕೆ ಸಾಕ್ಷಿಯಾಗಿ ಕಿವಿ ಕತ್ತರಿಸಿ ತಂದವರಿಗೆ ದುಡ್ಡು ಸಿಗುತ್ತಿತ್ತು. 1889ರಲ್ಲಿ ಹನ್ನೊಂದು ಜನ ಸೆಲ್ಕ್‌ನಾಮರನ್ನು ಹಿಡಿದು ಹಡಗು ಹತ್ತಿಸಿ, ಪ್ಯಾರಿಸ್ಸಿನ ಮಹಾಪ್ರದರ್ಶನದ ಹೊತ್ತಿಗೆ ನರಭಕ್ಷಕರೆಂದು ತೋರಿಸಿದರು. ಅದೇ ವರ್ಷ ಡಾಸನ್ ದ್ವೀಪದಲ್ಲಿ ಸಲೇಸಿಯನ್ ಪಾದ್ರಿಗಳು ಮಿಷನ್ ತೆರೆದರು. ಜೀವ ಉಳಿಸುವ ಉದ್ದೇಶವೇ ಇರಬಹುದು. ಆದರೆ ಬಯಲಿನ ಜನರನ್ನು ಒಂದೆಡೆ ಕೂಡಿಹಾಕಿದಲ್ಲಿ ಕ್ಷಯ ಹೊಕ್ಕಿತು. 1911ರಲ್ಲಿ ಆ ಮಿಷನ್ ಬಾಗಿಲು ಹಾಕುವಾಗ ಉಳಿದದ್ದು ದೊಡ್ಡದೊಂದು ಸ್ಮಶಾನ.

ಚಿನ್ನದವರು, ಕುರಿಯವರು ಬರುವ ಮೊದಲು ಸೆಲ್ಕ್‌ನಾಮರು 3,500ರಿಂದ 4,000 ಮಂದಿ ಇದ್ದಿರಬೇಕೆಂಬುದು ವಿದ್ವಾಂಸರ ಅಂದಾಜು. 1919ರಲ್ಲಿ ಗುಸಿಂಡೆ ಒಬ್ಬೊಬ್ಬರನ್ನಾಗಿ ಎಣಿಸಿದರು. 279.

ಗುಸಿಂಡೆ ಹುಟ್ಟಿದ್ದು 1886ರಲ್ಲಿ, ಪಾಪರ್ ಆ ಫೋಟೊ ತೆಗೆಸಿಕೊಂಡ ವರ್ಷವೇ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರಿನಲ್ಲಿ. ಪಾದ್ರಿಯಾಗಿ 1912ರಲ್ಲಿ ಚಿಲಿಗೆ ಬಂದು ಸ್ಯಾಂಟಿಯಾಗೊದ ಜರ್ಮನ್ ಶಾಲೆಯಲ್ಲಿ ಮೇಷ್ಟರಾದರು. ಅಲ್ಲಿನ ಮಾನವಶಾಸ್ತ್ರ ಮ್ಯೂಸಿಯಂನ ಕೆಲಸವೂ ಅಂಟಿಕೊಂಡಿತು. 1918ರ ಡಿಸೆಂಬರಿನಲ್ಲಿ ಮೊದಲ ಸಲ ದಕ್ಷಿಣಕ್ಕೆ ಹೊರಟರು. ಅಲ್ಲಿಂದ 1924ರವರೆಗೆ ನಾಲ್ಕು ಪಯಣ. ಮತಾಂತರ ಮಾಡಲು ಹೋದವರಲ್ಲ, ನೋಡಲು, ಬರೆದಿಡಲು ಹೋದವರು. ಜೊತೆಗೆ ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳ ಪೆಟ್ಟಿಗೆಗಳು.

ಮೊದಲ ಪಯಣದಲ್ಲಿ ಅವರು ಕಂಡದ್ದು ಕುರಿ ಎಸ್ಟೇಟುಗಳಲ್ಲಿ ತುಪ್ಪಟ ಕತ್ತರಿಸುವ ಕೂಲಿಗಳಾಗಿದ್ದ, ಕೋಟು ಪ್ಯಾಂಟು ತೊಟ್ಟ ಬೇಟೆಗಾರರನ್ನು. ಥಾಮಸ್ ಬ್ರಿಜಸ್‌ರ ಮಗ ಲ್ಯೂಕಾಸ್ ಅವರ ವಿಯಾಮೊಂಟೆ ಎಸ್ಟೇಟಿನ ಸುತ್ತ ಆ ಬೇಟೆಗಾರರಿಗೆ ಒಂದಿಷ್ಟು ನೆರಳು ಸಿಕ್ಕಿತ್ತು. ಲ್ಯೂಕಾಸ್ ಸೆಲ್ಕ್‌ನಾಮರ ಮಾತು ಬಲ್ಲವರು, ಆ ಜನ ತಮ್ಮ ಗುಟ್ಟಿನ ದೀಕ್ಷೆಯ ಗುಡಿಸಲಿಗೂ ಅವರನ್ನು ಸೇರಿಸಿಕೊಂಡಿದ್ದರು. ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವ ದೊಡ್ಡಮನಸ್ಸು ಆ ಜನಕ್ಕೆ ಮೊದಲಿನಿಂದಲೂ ಇತ್ತು. ಇಷ್ಟೆಲ್ಲ ಅನುಭವಿಸಿದ ಮೇಲೂ ಅದು ಅವರಲ್ಲಿ ಉಳಿದಿತ್ತೆಂಬುದು ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತದೆ.

ಗೆಳೆತನ ಕುದುರಿದ್ದು ಯಾಮನರ ನಡುವೆ. ಅಲ್ಲಿ ನೆಲ್ಲಿ ಲಾರೆನ್ಸ್ ಎಂಬ ಯಾಮನ ಹೆಣ್ಣುಮಗಳಿದ್ದಳು. ಮಿಷನರಿ ಮನೆತನದ ಬಿಳಿಯನನ್ನು ಮದುವೆಯಾಗಿದ್ದವಳು, ಎರಡೂ ಕಡೆಯ ಭಾಷೆ, ಎರಡೂ ಕಡೆಯ ಮನಸ್ಸು ಬಲ್ಲವಳು. ಪಾದ್ರಿಯ ಪರವಾಗಿ ಹಿರಿಯರ ಬಳಿ ಮಾತಾಡಿದವಳು ಅವಳೇ. ಅವಳಿಲ್ಲದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ. 1920ರಲ್ಲಿ ಯಾಮನರು ಗುಸಿಂಡೆಯವರನ್ನು ‘ಚಿಯೆಹೌಸ್’ ಎಂಬ ತಮ್ಮ ದೀಕ್ಷೆಗೆ ಕೂರಿಸಿದರು. ಹರೆಯಕ್ಕೆ ಬಂದ ಹುಡುಗ ಹುಡುಗಿಯರಿಬ್ಬರಿಗೂ ಆಗುವ ದೀಕ್ಷೆ ಅದು: ಮಂಡಿ ಮಡಚಿ ಗಂಟೆಗಟ್ಟಲೆ ಕೂರುವುದು, ಅರೆಹೊಟ್ಟೆ, ಅರೆನಿದ್ದೆ, ಹಿರಿಯರ ಬುದ್ಧಿಮಾತು. ಮೂವತ್ತು ದಾಟಿದ ಪಾದ್ರಿ ಮಕ್ಕಳ ಸಾಲಿನಲ್ಲಿ ಕೂತರು. 1922ರಲ್ಲಿ ಸಹಪಾದ್ರಿ ವಿಲ್ಹೆಲ್ಮ್ ಕಾಪರ್ಸ್ ಜೊತೆ ಮತ್ತೆ ಕೂತರು. ಕೇಳಿ ಬರೆದುಕೊಳ್ಳುವುದಕ್ಕೂ ಹಸಿದು ಕೂತು ಕಲಿಯುವುದಕ್ಕೂ ಇರುವ ದೂರ ಅವರ ಫೋಟೊಗಳಲ್ಲಿ ಕಾಣುತ್ತದೆ. ಆಮೇಲಿನ ಚಿತ್ರಗಳಲ್ಲಿ ಯಾಮನರ ಮುಖದ ಬಿಗಿ ಸಡಿಲಿದೆ.

ಸೆಲ್ಕ್‌ನಾಮರಲ್ಲಿ ಅಷ್ಟು ಸುಲಭವಿರಲಿಲ್ಲ. ಅವರ ‘ಹಾಯಿನ್’ ಗಂಡಸರ ಗುಟ್ಟು. ಅದರ ಹಿಂದೊಂದು ಪುರಾಣವಿದೆ. ಒಂದು ಕಾಲದಲ್ಲಿ ಹೆಂಗಸರೇ ಆಳುತ್ತಿದ್ದರಂತೆ, ಚಂದ್ರ ಅವರ ಒಡತಿ. ಮೈಗೆ ಬಣ್ಣ ಬಳಿದು, ಮುಖವಾಡ ಹಾಕಿ, ದೆವ್ವ ದೇವತೆಗಳಂತೆ ಕುಣಿದು ಗಂಡಸರನ್ನು ಹೆದರಿಸಿ ದುಡಿಸಿಕೊಳ್ಳುತ್ತಿದ್ದರು. ಒಂದು ದಿನ ಗುಟ್ಟು ರಟ್ಟಾಯಿತು. ಗಂಡಸರು ತಿರುಗಿಬಿದ್ದು ಎಳೆಯ ಹೆಣ್ಣುಕೂಸುಗಳನ್ನು ಬಿಟ್ಟು ಉಳಿದವರನ್ನೆಲ್ಲ ಕೊಂದರು. ಗಂಡನಾದ ಸೂರ್ಯನಿಂದ ಪೆಟ್ಟು ತಿಂದ ಚಂದ್ರ ಆಕಾಶಕ್ಕೆ ಓಡಿದಳು. ಅವಳ ಮುಖದ ಕಲೆಗಳು ಆ ಪೆಟ್ಟಿನವು, ಗ್ರಹಣ ಅವಳ ಸಿಟ್ಟು. ಅಂದಿನಿಂದ ಅದೇ ವೇಷ ಕಟ್ಟಿ ಗಂಡಸರು ಹೆಂಗಸರನ್ನು ಹೆದರಿಸತೊಡಗಿದರು. ಮಾಡಿದ ಪಾಪವನ್ನು ಪುರಾಣದಲ್ಲೇ ಒಪ್ಪಿಕೊಂಡ ಕಥೆ ಇದು.

ಹಾಯಿನ್ ನಡೆಯದೆ ವರ್ಷಗಳಾಗಿದ್ದವು. ಜನವೇ ಇಲ್ಲದ ಮೇಲೆ ಹಬ್ಬವೆಲ್ಲಿ? ಗುಸಿಂಡೆ ಒತ್ತಾಯಿಸಿ ಕೇಳಿದರು. ತೆನೆನೆಸ್ಕ್ ಎಂಬ ಹಿರಿಯ ಮಂತ್ರವಾದಿ ಮುಂದಾಳಾದರು. ಇಬ್ಬರು ಹುಡುಗರು ದೀಕ್ಷೆಗೆ ನಿಂತರು. ಫಾಗ್ನಾನೊ ಸರೋವರದ ಬಳಿಯ ಕಾಡಂಚಿನಲ್ಲಿ ಏಳು ದೊಡ್ಡ ಕಂಬಗಳ ಗುಡಿಸಲು ಎದ್ದಿತು. ಬಾಗಿಲು ಹೆಂಗಸರ ಬಿಡಾರಕ್ಕೆ ಬೆನ್ನು ಹಾಕಿತ್ತು. ಅಷ್ಟು ದಿನ ಅಷ್ಟು ಮಂದಿ ಬೇಟೆ ಬಿಟ್ಟು ಕೂತರೆ ಉಣ್ಣುವುದೇನು? ಆ ಹೊಣೆ ಪಾದ್ರಿಯದು. ಅವರು ಕುರಿಗಳನ್ನು ಕೊಂಡು ಒದಗಿಸಿದರು. ಯಾವ ಪ್ರಾಣಿಗಾಗಿ ಆ ಜನರನ್ನು ಕೊಂದರೋ ಅದೇ ಪ್ರಾಣಿಯ ಮಾಂಸ ತಿಂದು ಅವರು ತಮ್ಮ ಹಬ್ಬ ಮಾಡಿದರು.

ಒಳಗೆ ಬರುವ ಮುನ್ನ ಪಾದ್ರಿಯೂ ಮಾತು ಕೊಡಬೇಕಿತ್ತು. ಇಲ್ಲಿ ಕಂಡದ್ದನ್ನು ಹೆಂಗಸರಿಗೆ ಹೇಳಿದರೆ ಸಾವು. ಹುಡುಗರಿಗೂ ಅದೇ ಕಟ್ಟಳೆ.

ಸುಮಾರು ಐವತ್ತು ದಿನ ಅವರು ಹಿಮದಲ್ಲಿ ಕ್ಯಾಮೆರಾ ಇಟ್ಟುಕೊಂಡು ಕಾದರು. ಕೆಮ್ಮಣ್ಣಿಗೆ ಗ್ವಾನಾಕೊ ಕೊಬ್ಬು ಕಲಸಿ ಮೈಗೆ ಬಳಿದು, ಅದರ ಮೇಲೆ ಬಿಳಿಮಣ್ಣಿನ ಬೊಟ್ಟು, ಇದ್ದಿಲಿನ ಗೆರೆ. ಮರದ ತೊಗಟೆಯದೋ ತೊಗಲಿನದೋ ಮೊನಚು ಮುಖವಾಡ. ಹೆಚ್ಚು ಸಲ ಬರುವವನು ಷೂರ್ಟ್, ಗುಡಿಸಲಿನ ಪ್ರತಿ ಕಂಬಕ್ಕೂ ಬೇರೆ ಬೇರೆ ಬಣ್ಣದ ಷೂರ್ಟ್. ಹೆಂಗಸರ ಬಿಡಾರಕ್ಕೆ ನುಗ್ಗಿ ಗುಡಿಸಲು ಅಲ್ಲಾಡಿಸಿ ಗದರಿಸುವುದು ಅವನ ಕೆಲಸ. ಹಾಲ್ಪೆನ್ ನೆಲದಡಿಯ ಹೊಟ್ಟೆಬಾಕಿ ದೇವತೆ, ದೀಕ್ಷೆಯ ಹುಡುಗರನ್ನೇ ನುಂಗುವವಳು. ಸತ್ತಂತೆ ಬಿದ್ದ ಹುಡುಗರನ್ನು ಓಲಮ್ ಎಂಬ ಪುಟ್ಟ ವೈದ್ಯದೇವತೆ ಎಬ್ಬಿಸುತ್ತಾನೆ. ಊಲೆನ್ ಚುರುಕು ನಗೆಗಾರ. ಎಲ್ಲ ಭಯದ ಕೊನೆಗೆ ಹಾಲ್ಪೆನ್ನಳ ಕೂಸು ಕೆಟೆರ್ನೆನ್ ಬರುತ್ತದೆ. ಮೈತುಂಬ ಹಕ್ಕಿಯ ಮೆದುಗರಿಗಳನ್ನು ಸಾಲುಸಾಲಾಗಿ ಅಂಟಿಸಿದ ಆ ಆಕೃತಿಯ ಫೋಟೊ ನೋಡಿದವರು ಅದನ್ನು ಮರೆಯಲಾರರು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಫೋಟೊಗೆ ಸಿಗದ ಒಂದು ಗಳಿಗೆ. ಹುಡುಗನನ್ನು ಗುಡಿಸಲೊಳಗೆ ತಂದು ಷೂರ್ಟ್ ಜೊತೆ ಕಾದಾಡಿಸುತ್ತಾರೆ. ಚಿಕ್ಕಂದಿನಿಂದ ಅಮ್ಮನ ಸೆರಗಿನಲ್ಲಿ ಅಡಗಿ ಹೆದರಿದ್ದು ಇವನಿಗೇ. ಹುಡುಗ ಬೆವರಿ, ಸೋತು, ಇನ್ನೇನು ಸತ್ತೆ ಎನ್ನುವಾಗ ಹಿರಿಯರು ಹೇಳುತ್ತಾರೆ: ಅವನ ಮುಖ ಮುಟ್ಟು. ಮುಖವಾಡ ಕಿತ್ತರೆ ಎದುರಿಗೆ ದಿನಾ ಕಾಣುವ ಮಾಮನೋ ಚಿಕ್ಕಪ್ಪನೋ. ಹುಡುಗನಿಗೆ ಆ ಕ್ಷಣವೇ ಬಾಲ್ಯ ಮುಗಿಯಿತು. ಇನ್ನು ಅವನೂ ಗುಟ್ಟು ಕಾಯುವವನು.

ಹೆಂಗಸರು ಇದನ್ನೆಲ್ಲ ನಿಜವಾಗಿ ನಂಬಿದ್ದರೇ ಎಂಬುದು ಬೇರೆಯೇ ಪ್ರಶ್ನೆ. ಅವರು ದೂರದಲ್ಲಿ ಸಾಲಾಗಿ ನಿಂತು ಪ್ರತಿ ದೇವತೆಗೂ ಅದರದೇ ಹಾಡು ಹಾಡುತ್ತಿದ್ದರು. ಅವರ ಹಾಡಿಲ್ಲದೆ ಗಂಡಸರ ಆಟ ನಡೆಯುತ್ತಿರಲಿಲ್ಲ.

ಈಗ ಗುಸಿಂಡೆಯವರ ಇನ್ನೊಂದು ಮುಖವನ್ನೂ ಹೇಳಬೇಕು. ಅವರು ಇದೇ ಜನರ ತಲೆ, ಮೂಗು, ಮೈಗಳನ್ನು ಅಳೆಪಟ್ಟಿ ಹಿಡಿದು ಅಳೆದರು. ತಲೆಬುರುಡೆಗಳ ಅಧ್ಯಯನ ಅವರ ಗ್ರಂಥದ ಒಂದು ಭಾಗವೇ ಆಗಿದೆ. ಆ ಕಾಲದ ಯುರೋಪಿನ ಶಾಸ್ತ್ರ ಅದು ಎನ್ನಬಹುದು, ನಿಜ. ಆದರೆ ಒಲೆಯ ಪಕ್ಕ ಕೂತು ಉಂಡವನು ಉಣಬಡಿಸಿದವರ ಬುರುಡೆ ಅಳೆಯುವುದನ್ನು ಗೆಳೆತನದ ಖಾತೆಗೆ ಹಾಕಲಾಗದು. ಕೆಲವು ಫೋಟೊಗಳಿಗಾಗಿ ಕೋಟು ಪ್ಯಾಂಟು ತೆಗೆಸಿ ಗ್ವಾನಾಕೊ ತೊಗಲು ಹೊದೆಸಿದರು. ನೋಡುವವರಿಗೆ ಎಸ್ಟೇಟು, ತಂತಿಬೇಲಿ, ಕೂಲಿ ಯಾವುದೂ ಕಾಣದು, ಕಾಲವೇ ತಟ್ಟದ ಜನ ಎನ್ನಿಸುತ್ತದೆ. ಕೊನೆಗೆ, ಹೆಂಗಸರಿಗೆ ಹೇಳೆನೆಂದು ಮಾತು ಕೊಟ್ಟ ಗುಟ್ಟನ್ನು ಅವರು 1931ರಲ್ಲಿ ಚಿತ್ರಸಮೇತ ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕ ಆಗ ಆ ಹೆಂಗಸರ ಕೈಗೆ ತಲುಪುವಂತಿರಲಿಲ್ಲ, ಅಷ್ಟೆ.

ಹಾಗಾದರೆ ಇದನ್ನು ಗೆಳೆತನ ಎನ್ನಬಹುದೇ? ಎನ್ನಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಸಮಸಮ ಗೆಳೆತನವಲ್ಲ. ಒಬ್ಬನಿಗೆ ಹೊರಟುಹೋಗುವ ಟಿಕೆಟ್ ಇತ್ತು, ಉಳಿದವರಿಗೆ ಇರಲಿಲ್ಲ. ಕೊಟ್ಟದ್ದರಲ್ಲಿ ದೊಡ್ಡ ಪಾಲು ದ್ವೀಪದವರದು. ತಮ್ಮ ಕಾಲ ಮುಗಿಯುತ್ತಿದೆ ಎಂದು ಆ ಹಿರಿಯರಿಗೆ ಗೊತ್ತಿತ್ತು. ಗುಸಿಂಡೆ ಬೇಡಿದರು ಎಂಬುದು ಎಷ್ಟು ನಿಜವೋ ತೆನೆನೆಸ್ಕ್ ಆರಿಸಿದರು ಎಂಬುದೂ ಅಷ್ಟೇ ನಿಜ. ಯಾರ ಮುಂದೆ ಕುಣಿಯಬೇಕು, ಯಾರಿಗೆ ನೆರಳು ಕೊಡಬೇಕು ಎಂದು ತೀರ್ಮಾನಿಸಿದವರು ಅವರು. ಪಾಪರ್‌ನ ಫೋಟೊದಲ್ಲಿ ಬಿದ್ದವನಿಗೆ ಆ ಆಯ್ಕೆ ಇರಲಿಲ್ಲ.

ನಾಲ್ಕನೆಯ ಪಯಣ ಕವೆಸ್ಕರರ ಕಡೆ ಸಾಗಿ 1924ರಲ್ಲಿ ಮುಗಿಯಿತು. ಸಾವಿರಕ್ಕೂ ಹೆಚ್ಚು ಚಿತ್ರಗಳೊಂದಿಗೆ ಗುಸಿಂಡೆ ಯುರೋಪಿಗೆ ಹಿಂದಿರುಗಿದರು. ಅವರು ಹೊರಟ ಬೆನ್ನಿಗೇ ದ್ವೀಪಕ್ಕೆ ದಡಾರ ನುಗ್ಗಿತು. 1924–25ರಲ್ಲಿ ಸತ್ತವರಲ್ಲಿ ಹಾಯಿನ್ನಿನಲ್ಲಿ ಕುಣಿದು ಹಾಡಿದವರು ಎಷ್ಟೋ ಮಂದಿ. ಮುಂದಿನ ದಶಕದಲ್ಲಿ ಹಬ್ಬ ನಿಂತೇಹೋಯಿತು.

ಪಾದ್ರಿ ಮಾತ್ರ ಆ ಕೆಲಸ ಬಿಡಲಿಲ್ಲ. ಸೆಲ್ಕ್‌ನಾಮರ ಸಂಪುಟ 1931ರಲ್ಲಿ, ಯಾಮನರದು 1937ರಲ್ಲಿ ಬಂತು. ಕವೆಸ್ಕರರದು ಬಂದದ್ದು 1974ರಲ್ಲಿ, ಅವರು ತೀರಿಕೊಂಡು ಐದು ವರ್ಷಗಳ ಮೇಲೆ. ನಡುವೆ ಇನ್ನೊಂದು ಋಣ ತೀರಿಸಿದರು. ಥಾಮಸ್ ಬ್ರಿಜಸ್‌ರ ಯಾಮನ ನಿಘಂಟಿನ ಹಸ್ತಪ್ರತಿ ಕೈ ಕೈ ಬದಲಾಗಿ, ಧ್ರುವಯಾತ್ರೆಗೆ ಹೆಸರಾದ ಫ್ರೆಡರಿಕ್ ಕುಕ್ ಅದನ್ನು ತನ್ನದೆಂದು ಅಚ್ಚುಹಾಕಿಸಲು ಹೊರಟದ್ದೂ ಆಗಿತ್ತು. ಭಾಷಾವಿದ್ವಾಂಸ ಫರ್ಡಿನಾಂಡ್ ಹೆಸ್ಟರ್‌ಮನ್ ಜೊತೆ ಸೇರಿ ಗುಸಿಂಡೆ 1933ರಲ್ಲಿ ಆಸ್ಟ್ರಿಯಾದ ಮೊಡ್ಲಿಂಗ್ ಊರಿನಿಂದ ಅದನ್ನು ಬ್ರಿಜಸ್‌ರ ಹೆಸರಿನಲ್ಲೇ ಹೊರತಂದರು. ಅದೇ ಊರಿನಲ್ಲಿ 1969ರಲ್ಲಿ ಅವರು ತೀರಿಕೊಂಡರು.

ಅಷ್ಟರಲ್ಲಿ ದ್ವೀಪಕ್ಕೆ ಮತ್ತೊಬ್ಬರು ಬಂದಿದ್ದರು. ಮಾನವಶಾಸ್ತ್ರಜ್ಞೆ ಆ್ಯನ್ ಚಾಪ್‌ಮನ್ 1964ರಿಂದ ಟೇಪ್ ರೆಕಾರ್ಡರ್ ಹಿಡಿದು ಲೋಲಾ ಕಿಯೆಪ್ಜಾ ಎಂಬ ಅಜ್ಜಿಯ ಪಕ್ಕ ಕೂತರು. ಹಳೆಯ ರೀತಿಯಲ್ಲಿ ಬಾಳಿ ಬಲ್ಲ ಕೊನೆಯ ಮಂತ್ರವಾದಿನಿ ಆಕೆ, ಹಾಯಿನ್ನಿಗೆ ಹೆಂಗಸರ ಸಾಲಿನಲ್ಲಿ ನಿಂತು ಹಾಡಿದ್ದವರು. 1966ರ ಅಕ್ಟೋಬರಿನಲ್ಲಿ ಸಾಯುವ ಮುನ್ನ ಹಾಡುಗಳನ್ನು ಒಂದೊಂದಾಗಿ ಕೊಟ್ಟುಹೋದರು. ಗುಸಿಂಡೆಯವರ ಗಾಜಿನ ಪ್ಲೇಟಿನಲ್ಲಿ ಗಂಡಸರ ಕುಣಿತವಿದೆ, ಲೋಲಾ ಅಜ್ಜಿಯ ದನಿಯಲ್ಲಿ ಹೆಂಗಸರ ಹಾಡಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಾಗಲೇ ಹಾಯಿನ್ ಪೂರ್ತಿಯಾಗುತ್ತದೆ.

1974ರಲ್ಲಿ ಆಂಗೆಲಾ ಲೋಯಿಜ್ ಎಂಬ ಮುದುಕಿ ತೀರಿಕೊಂಡಾಗ ‘ಕೊನೆಯ ಸೆಲ್ಕ್‌ನಾಮ್ ಹೋದಳು’ ಎಂದು ಲೋಕ ಷರಾ ಬರೆದು ಕಡತ ಮುಚ್ಚಿತು. 2015ರಲ್ಲಿ ಗುಸಿಂಡೆ ಚಿತ್ರಗಳು ಫ್ರಾನ್ಸಿನ ಆರ್ಲ್ ಛಾಯಾಚಿತ್ರ ಉತ್ಸವದಲ್ಲಿ ಜನರನ್ನು ಬೆರಗುಗೊಳಿಸಿದವು, ದೊಡ್ಡ ಪುಸ್ತಕವಾಗಿಯೂ ಬಂದವು. ಇಂಗ್ಲಿಷ್ ಆವೃತ್ತಿಯ ಹೆಸರಿನಲ್ಲೇ ಇದ್ದದ್ದು ‘ಕಳೆದುಹೋದ ಬುಡಕಟ್ಟುಗಳು’ ಎಂಬ ಮಾತು. ದಕ್ಷಿಣ ಚಿಲಿಯ ಅಂಗಡಿಗಳಲ್ಲಿ ಷೂರ್ಟ್ ಈಗ ಟೀ ಶರ್ಟಿನ ಮೇಲೆ, ಕೀ ಗೊಂಚಲಿನ ಮೇಲೆ ನೇತಾಡುತ್ತಾನೆ. ವೇಷ ಎಲ್ಲರಿಗೂ ಬೇಕು, ವೇಷ ಕಟ್ಟಿದವರ ಮೊಮ್ಮಕ್ಕಳು ಬೇಡ.

ಮೊಮ್ಮಕ್ಕಳು ಸುಮ್ಮನೆ ಕೂರಲಿಲ್ಲ. ಎಸ್ಟೇಟುಗಳಲ್ಲಿ, ಮಿಷನ್ನುಗಳಲ್ಲಿ, ಬೇರೆಯವರ ಮನೆಗಳಲ್ಲಿ ಬೆಳೆದು, ಬೇರೆ ಹೆಸರು ಹೊತ್ತು, ಮನೆಯೊಳಗೆ ಪಿಸುಮಾತಿನಲ್ಲಿ ಮೂಲ ಉಳಿಸಿಕೊಂಡವರ ಸಂತತಿ ಅದು. ಅರ್ಜೆಂಟೀನಾದ ಕಡೆ ರಫಾಯೆಲಾ ಇಷ್ಟನ್ ಸಮುದಾಯಕ್ಕೆ 1998ರಲ್ಲಿ ಪ್ರಾಂತ್ಯ ಸರ್ಕಾರ ಸುಮಾರು 35,000 ಹೆಕ್ಟೇರ್ ನೆಲವನ್ನು ಹಿಂದಿರುಗಿಸುವ ಕಾನೂನು ಮಾಡಿತು. ಚಿಲಿಯಲ್ಲಿ ಹೋರಾಟ ಇನ್ನೂ ಕಾಲು ಶತಮಾನ ಎಳೆಯಿತು. 2023ರಲ್ಲಿ ಅಲ್ಲಿನ ಸಂಸತ್ತು ಸೆಲ್ಕ್‌ನಾಮರು ಬದುಕಿರುವ ಜನಾಂಗ ಎಂದು ಕಾನೂನಿನಲ್ಲೇ ಬರೆಯಿತು.

ಹಿಮದಲ್ಲಿ ನಿಂತ ಆ ಬಣ್ಣದ ಆಕೃತಿಗಳ ಚಿತ್ರ ಎಂದಾದರೂ ನಿಮ್ಮ ಕಣ್ಣಿಗೆ ಬಿದ್ದೀತು. ಆಗ ದಯವಿಟ್ಟು ‘ಅಳಿದುಹೋದವರು’ ಎನ್ನಬೇಡಿ. 2017ರ ಜನಗಣತಿಯಲ್ಲಿ, ಆ ಕಾನೂನು ಬರುವುದಕ್ಕೂ ಆರು ವರ್ಷ ಮೊದಲೇ, ಚಿಲಿಯ 1,144 ಮಂದಿ ತಾವು ಸೆಲ್ಕ್‌ನಾಮರು ಎಂದು ಬರೆಸಿದ್ದಾರೆ.